ನನ್ನ ನೌಕರಿ ನುಂಗುವ ದನಿ ತರಾಕ ಜರ್ಮನಿಗೆ

ಕಂಟೋನ್ಮೆಂಟಿನ ಬಂಗಲೆ

ಜನ ಜರ್ಮನಿಗೆ ಓದಲು ಹೋಗುತ್ತಾರೆ, ಯಂತ್ರ ಕೊಳ್ಳಲು ಹೋಗುತ್ತಾರೆ, ಕೆಲವರು ಹಿಮದಲ್ಲಿ ನಿಂತು ಫೋಟೋ ಹೊಡೆಸಿಕೊಳ್ಳಲು ಹೋಗುತ್ತಾರೆ. ನಾನು ಹೋದದ್ದು ನನ್ನ ನೌಕರಿಯನ್ನು ಕಳೆದುಕೊಂಡು ಬರಲು. ಅದೂ ಮಾಲೀಕರ ಖರ್ಚಿನಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ. ಇಂಥ ಸೌಭಾಗ್ಯ ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನಗಿಂತ ಮೊದಲು ಯಾರಿಗೂ ಸಿಕ್ಕಿರಲಿಕ್ಕಿಲ್ಲ.

ನೌಕರಿ ಯಾವುದೆಂದು ಮೊದಲು ಹೇಳಬೇಕು. ಕುರುಗೋಡಿನ ಗೌಡರು ಅದಿರಿನ ಭರಾಟೆ ಶುರುವಾದ ಕೂಡಲೇ ಭತ್ತದ ಲಾರಿಗಳಿಗೆ ಕೆಂಪು ಕಲ್ಲು ಹೇರಿ, ನೋಡನೋಡುತ್ತ ಒಂದು ಕಂಪನಿ ಆಗಿಬಿಟ್ಟರು. ಬಳ್ಳಾರಿ ಕಂಟೋನ್ಮೆಂಟಿನಲ್ಲಿ ಬ್ರಿಟಿಷರ ಕಾಲದ ಬಂಗಲೆ ಹಿಡಿದು, ಗೇಟಿಗೆ ಬೋರ್ಡು ಹಾಕಿಸಿದರು. ಬೋರ್ಡಿನ ತುಂಬ ಡಿಪಾರ್ಟ್‌ಮೆಂಟುಗಳು. ಒಳಗೆ ಒಂದು ಫೋನು, ಒಂದು ಕೂಲರು, ಮತ್ತು ನಾನು.

ನಾನು ಮಿಮಿಕ್ರಿ ಮಾಡುವವನು. ಗಣಪತಿ ಪೆಂಡಾಲು, ಉರುಸು, ಮದುವೆಯ ಆರ್ಕೆಸ್ಟ್ರಾ, ಎಲ್ಲಿ ಮೈಕು ಕೊಟ್ಟರೂ ಬಿಡುತ್ತಿರಲಿಲ್ಲ. ಯಾವುದೋ ಮದುವೆಯಲ್ಲಿ ಗೌಡರ ಕಿವಿಗೆ ಬಿದ್ದೆ. ಮರುದಿನವೇ ಕರೆಸಿ ಫೋನಿನ ಮುಂದೆ ಕೂರಿಸಿದರು. ಲೋಡಿಂಗ್ ವಿಚಾರಕ್ಕೆ ಫೋನ್ ಬಂದರೆ ನಾನು ಕೆಮ್ಮುತ್ತ ಮಾತಾಡುವ ರಾವ್ ಮ್ಯಾನೇಜರು. ಬೆಂಗಳೂರು ಬ್ರಾಂಚ್ ಕೇಳಿದರೆ ಮೂಗಿನಲ್ಲಿ 'ಹೇಳಿ ಸಾರ್' ಅನ್ನುವ ಹುಡುಗ. ಇವರಿಬ್ಬರಿಗೂ ಮೊದಲು ಫೋನ್ ಎತ್ತುವಾಕೆ ಸರಿತಾ ಮೇಡಂ. ಸರಿತಾ ದನಿ ತೆಗೆಯಬೇಕಾದರೆ ಕುತ್ತಿಗೆಯನ್ನು ಒಂದು ಕಡೆ ವಾಲಿಸಬೇಕು. ನೋಡುವವರು ಯಾರೂ ಇಲ್ಲದಿದ್ದರೂ ನನ್ನ ಕೈ ಇಲ್ಲದ ಸೆರಗು ಸರಿಮಾಡಲು ಹೋಗುತ್ತಿತ್ತು.

ನಮ್ಮ ಆಫೀಸಿನ ಮುಖ್ಯ ಉತ್ಪನ್ನ ಅದಿರಲ್ಲ, ಸಮಾಧಾನ. ಸಿರುಗುಪ್ಪದ ಲಾರಿ ಮಾಲೀಕ ತಿಪ್ಪಣ್ಣ ದಿನಾ ಫೋನ್ ಮಾಡಿ, ಲೋಡಿಂಗಿಗೆ ತನ್ನ ಗಾಡಿಯ ಪಾಳಿ ಯಾವಾಗ ಎಂದು ಕೇಳುತ್ತಿದ್ದ. "ಮುಂದಿನ ಗಾಡಿ ನಿಮ್ದ ಐತ್ರಿ ಅಣ್ಣಾರ" ಅನ್ನುತ್ತಿದ್ದಳು ಸರಿತಾ. ತೆಕ್ಕಲಕೋಟೆಯವರು ಕೇಳಿದರೂ ಮುಂದಿನ ಗಾಡಿ ಅವರದೇ. ಗೌಡರನ್ನು ಕೇಳಿದರೆ ಗೌಡರು ಪೂಜೆಗೆ ಕೂತಿದ್ದಾರೆ. ನಮ್ಮ ಸೀಮೆಯಲ್ಲಿ ಫೋನಿನಲ್ಲಿ 'ಇಲ್ಲ' ಅನ್ನುವುದು ಬಾಗಿಲಿಗೆ ಬಂದವರ ಮುಖಕ್ಕೆ ನೀರು ಎರಚಿದ ಹಾಗೆ. ಆದ್ದರಿಂದ ಯಾರೂ ಅನ್ನುವುದಿಲ್ಲ.

ಹೀಗಿರುವಾಗ ಗೌಡರು ಜರ್ಮನಿಯಿಂದ ಅದಿರು ಜರಡಿ ಹಿಡಿಯುವ ಯಂತ್ರ ತರಿಸಿದರು. ಯಂತ್ರ ವಾರಕ್ಕೊಮ್ಮೆ ಮುನಿಸಿಕೊಳ್ಳುತ್ತಿತ್ತು. ಆ ಕಂಪನಿಗೆ ಫೋನ್ ಹಚ್ಚಿದರೆ ಒಬ್ಬಾಕೆ ಜೇನು ಸುರಿದಂತೆ 'ಬಿಟ್ಟೆ ವಾರ್ಟೆನ್ ಜೀ' ಅನ್ನುತ್ತಿದ್ದಳು, ದಯವಿಟ್ಟು ಕಾಯಿರಿ ಅಂತ. ಆಮೇಲೆ ವಾದ್ಯ, ಮತ್ತೆ ಆಕೆ. ಯಂತ್ರ ರಿಪೇರಿ ಆಗದಿದ್ದರೂ ಗೌಡರು ಸ್ಪೀಕರ್ ಹಾಕಿ ಬಂದವರಿಗೆಲ್ಲ ಕೇಳಿಸುತ್ತಿದ್ದರು. ಅವರು ಎದ್ದು ಹೋದ ಮೇಲೆ ನಾನು ಅದೇ ದನಿ ತೆಗೆದು ಗೌಡರ ಸ್ವಂತ ಡ್ರೈವರುಗಳನ್ನು ನಗಿಸುತ್ತಿದ್ದೆ. ಒಂದು ದಿನ ಗೌಡರು ಎದ್ದು ಹೋಗಿರಲಿಲ್ಲ. ಬಾಗಿಲ ಹಿಂದೆ ನಿಂತಿದ್ದರು.

"ಲೇ ರಾಜಾ, ಆಕಿ ದನಿ ನಮ್ಮ ಫೋನಿಗೂ ಬೇಕಲೇ."

"ಆಕಿ ಜರ್ಮನ್ ಮಾತಾಡ್ತಾಳ್ರಿ ಧಣಿ. ತಿಪ್ಪಣ್ಣಾರಿಗೆ ಹೆಂಗ ತಿಳೀಬೇಕ್ರಿ?"

"ತಿಳೀಬಾರದಂತನ. ತಿಳಿಯೋ ಮಾತಿಗೆ ಯಾರು ಅಂಜ್ತಾರ? ಒಂದು ಒತ್ತು, ಎರಡು ಒತ್ತು ಅಂತ ಆಕಿ ಜರ್ಮನಿಯಾಗ ಹೇಳಿದ್ಲಂದ್ರ ಸಾಕು, ಹೊರದೇಶದ ಆಫೀಸು ಅಂದ್ಕೊಂತಾರ."

"ಅಂಚೆಯಾಗ ತರಿಸಬಹುದಲ್ರಿ."

"ಕಣ್ಣೀಲೆ ನೋಡದ ಕಲ್ಲು ಕೊಂಡೇನೇನು ನಾ ಎಂದಾದ್ರೂ? ಹೋಗು, ಅದು ಆಕೀನೋ ಅಲ್ಲೋ ಮುಂದ ಕುಂತು ಮಾತಾಡಿಸು, ತುಂಬಿಸ್ಕೊಂಡು ಬಾ. ಆ ದನಿ ಗುರುತು ಹಿಡಿಯೋನು ನೀ ಒಬ್ಬನ."

"ಆಮ್ಯಾಲೆ ನಾ ಏನ್ ಮಾಡ್ಲಿ ಧಣಿ?"

"ಆಮ್ಯಾಲೆ ನಿಂದೇನೈತಿ ಇಲ್ಲಿ? ನಿಮ್ಮಪ್ಪಂದು ಗಾದಿ ಅಂಗಡಿ ಐತಲ್ಲ."

ಹೌದು, ಐತಿ. ನಾವು ಹತ್ತಿ ಹಿಂಜುವ ನದಾಫರು. ಆದರೆ ಹತ್ತಿಯ ಎಳೆ ಮೂಗಿಗೆ ಹೋದರೆ ನಾನು ಸೀನುತ್ತ ಬಾಗಿ ನೆಲ ಮುಟ್ಟುತ್ತೇನೆ. ಗಂಟಲು ಕಟ್ಟಿ ವಾರವಿಡೀ ಒಂದೇ ದನಿ, ಅದೂ ಕಪ್ಪೆಯದು. ಮಿಮಿಕ್ರಿಯವನಿಗೆ ಗಾದಿ ಅಂಗಡಿ ಅಂದರೆ ಹಾಡುವವಳಿಗೆ ಮೆಣಸಿನಕಾಯಿ ಗೋದಾಮು. ಅಪ್ಪ ಮಾತ್ರ ಖುಷಿಯಾದ. "ಹೋಗಿ ಬಾರೋ. ಬರೋದ್ರಾಗ ನಿನಗಂತ ಒಂದು ಹಿಂಜೋ ಬಿಲ್ಲು ತಗದಿಟ್ಟಿರ್ತೀನಿ."

ಫ್ರಾಂಕ್‌ಫರ್ಟ್: ಕೆಂಪು ನೀರು

ವಿಮಾನ ಇಳಿದ ಮೇಲೆ ಮೊದಲು ಗಮನಿಸಿದ್ದು: ಅಲ್ಲಿನ ಲಾರಿಗಳಿಗೆ ಬಣ್ಣ ಇದೆ. ನೀಲಿ ಲಾರಿ ನಿಜಕ್ಕೂ ನೀಲಿ. ನಮ್ಮಲ್ಲಿ ಯಾವ ಬಣ್ಣದ್ದು ಕೊಂಡರೂ ಹೊಸಪೇಟೆ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಎಲ್ಲವೂ ಒಂದೇ ಕೆಂಪು. ಗಾಡಿ, ಎಮ್ಮೆ, ಟ್ರಾಫಿಕ್ ಪೋಲೀಸು, ಭೇದವಿಲ್ಲ.

ಹೋಟೆಲಿನಲ್ಲಿ ಪ್ರಯಾಣದ ಅಂಗಿಯನ್ನು ಬೇಸಿನ್ನಿನಲ್ಲಿ ನೆನೆಹಾಕಿ ಕೆಳಗೆ ತಿನ್ನಲು ಹೋದೆ. ವಾಪಸ್ಸು ಬಂದರೆ ನನ್ನ ರೂಮಿನ ಮುಂದೆ ಮೂವರು ನಿಂತಿದ್ದರು. ಕಸ ಗುಡಿಸಲು ಬಂದವಳು ಬೇಸಿನ್ ನೋಡಿ ಚೀರಿದ್ದಾಳೆ. ಮ್ಯಾನೇಜರು ನನ್ನ ಕೈ, ಹೊಟ್ಟೆ, ತಲೆ ಎಲ್ಲ ಕಣ್ಣಲ್ಲೇ ತಡವಿ, "ಎಲ್ಲಿ ಗಾಯವಾಗಿದೆ?" ಎಂದು ಕೇಳಿದ.

"ಗಾಯವಿಲ್ಲ. ಬಳ್ಳಾರಿ," ಅಂದೆ.

ಆತನಿಗೆ ಅದು ಯಾವುದೋ ರೋಗದ ಹೆಸರಿನಂತೆ ಕೇಳಿಸಿರಬೇಕು. ಎರಡು ಹೆಜ್ಜೆ ಹಿಂದೆ ಸರಿದ. ನನ್ನ ಇಂಗ್ಲಿಷು ಬಳ್ಳಾರಿ ಕಾಲೇಜಿನದು, ಅವನದು ಜರ್ಮನಿಯದು. ಇಬ್ಬರ ಬಡತನವೂ ಸಮಸಮ ಇದ್ದದ್ದರಿಂದ ಕೊನೆಗೆ ಹೇಗೋ ತಿಳಿಯಿತು. ನಾನು ಅಂಗಿ ಹಿಂಡಿ ತೋರಿಸಿದೆ. "ಇದು ಕಬ್ಬಿಣ. ನಿಮ್ಮ ಕಾರು ಇದರಿಂದಲೇ ಆಗುತ್ತೆ," ಅಂದೆ. ಅವನು ಅತ್ಯಂತ ಗೌರವದಿಂದ ಅಂಗಿಯನ್ನು ನೋಡಿದ. ನನ್ನನ್ನು ಅಷ್ಟು ಗೌರವದಿಂದ ನೋಡಲಿಲ್ಲ.

ಹೆಸರು ಬಾಯಿಗೆ ಬರದ ಊರು

ಯಂತ್ರದ ಕಂಪನಿಯವರು ವಿಳಾಸ ಕೊಟ್ಟಿದ್ದ, ಆ ದನಿ ತುಂಬಿಸಿದ ರೆಕಾರ್ಡಿಂಗ್ ಸ್ಟುಡಿಯೋ ಇದ್ದದ್ದು ರೈಲಿನಲ್ಲಿ ಹೋಗಬೇಕಾದ ಒಂದು ಚಿಕ್ಕ ಊರಿನಲ್ಲಿ. ಬೀದಿಯಲ್ಲಿ ಒಂದು ನಾಯಿ ಕೂಡ ಬೊಗಳುವುದಿಲ್ಲ. ಬೊಗಳುವ ವೇಳೆ ಗೊತ್ತುಪಡಿಸಿದ್ದಾರೋ ಏನೋ. ರಸ್ತೆ ಖಾಲಿ. ಆ ಕಡೆಯಿಂದ ಬರುವ ವಾಹನವಿಲ್ಲ, ಈ ಕಡೆಯಿಂದ ಬರುವುದೂ ಇಲ್ಲ. ಆದರೂ ಪಾದಚಾರಿಗಳಿಗೆ ಕೆಂಪು ದೀಪ ಉರಿಯುತ್ತಿದೆ ಎಂದು ಒಂದು ಗುಂಪು ಜನ ಗಂಭೀರವಾಗಿ ನಿಂತಿದ್ದಾರೆ. ಸಾವಿನ ಮನೆ ಮುಂದೆಯೂ ನಮ್ಮವರು ಅಷ್ಟು ಗಂಭೀರವಾಗಿ ನಿಲ್ಲುವುದಿಲ್ಲ. ನಾನು ದಾಟಿಬಿಟ್ಟೆ.

ಹಿಂದಿನಿಂದ ಒಬ್ಬ ಮುದುಕಿ ನನ್ನ ಏಳೇಳು ತಲೆಮಾರನ್ನೂ ಜರ್ಮನ್ ಭಾಷೆಯಲ್ಲಿ ವಿಚಾರಿಸಿಕೊಂಡಳು. ಅರ್ಥವಾಗಲಿಲ್ಲ, ಆದರೆ ಲಯ ಪರಮಾಪ್ತವಾಗಿತ್ತು. ಕೌಲ್ ಬಜಾರಿನಲ್ಲಿ ನಲ್ಲಿ ನೀರಿಗೆ ಪಾಳಿ ತಪ್ಪಿಸಿದವರನ್ನು ಬೈಯುವ ಲಯವೇ. ಪರದೇಶದಲ್ಲಿ ಮೊದಲ ಸಲ ಮನೆ ನೆನಪಾಯಿತು.

ಗೋಡೆಗೆ ಗಾದಿ ಹೊಡೆಸಿದ ಕೋಣೆ

ಸ್ಟುಡಿಯೋದ ಕೋಣೆ ನೋಡಿ ಬಾಗಿಲಲ್ಲೇ ಮೂಗು ಮುಚ್ಚಿಕೊಂಡೆ. ನಾಲ್ಕೂ ಗೋಡೆಗೆ, ಬಾಗಿಲಿಗೆ, ಮೇಲೆ ಛತ್ತಿಗೆ ಕೂಡ ಗಾದಿ! ಯಾವ ಗಾದಿಯಿಂದ ತಪ್ಪಿಸಿಕೊಂಡು ಇಷ್ಟು ಸಮುದ್ರ ದಾಟಿದೆನೋ ಅದು ಇಲ್ಲಿ ಗೋಡೆ ಹತ್ತಿ ಕೂತಿತ್ತು. ಹೊರಗಿನ ಸದ್ದು ಒಳಗೆ ಬಾರದಿರಲಿ ಅಂತ, ಎಂದ ಯುರ್ಗೆನ್. ಯುರ್ಗೆನ್ ಅಂದರೆ ಸ್ಟುಡಿಯೋದ ಯಜಮಾನ. ಗಡ್ಡ, ಕಿವಿಗೆ ಸದಾ ಹೆಡ್‌ಫೋನು, ಮುಖದಲ್ಲಿ ನಗು ಬರುವ ಮೊದಲು ಅನುಮತಿ ಕೇಳುವವನು. ಜರ್ಮನಿಯ ಅರ್ಧಕ್ಕರ್ಧ ವ್ಯಾಪಾರಸ್ಥರ ಫೋನುಗಳು ಮಾತಾಡುವುದು ತನ್ನ ಕೋಣೆಯಿಂದಲೇ ಎಂದು ಅವನ ನಂಬಿಕೆ.

ಆಮೇಲೆ ಆಕೆ ಬಂದಳು. ಗೌಡರು ಆ ದನಿಗೆ ಹಚ್ಚಿಕೊಂಡಿದ್ದ ಮುಖ ಯಾವ ಸಿನಿಮಾ ನಟಿಯದೋ ನನಗೆ ಗೊತ್ತು, ಇಲ್ಲಿ ಹೇಳುವುದಿಲ್ಲ. ಬಂದಾಕೆ ಒಬ್ಬ ದಷ್ಟಪುಷ್ಟ ಅಜ್ಜಿ. ಬೂಟು ಸದ್ದು ಮಾಡುತ್ತದೆಂದು ಬಿಚ್ಚಿಟ್ಟು, ಉಣ್ಣೆಯ ಕಾಲುಚೀಲದಲ್ಲಿ ನಡೆದಳು. ಬಳೆ, ವಾಚು ತೆಗೆದಿಟ್ಟಳು. ಬಾಯಿ ಅಂಟಂಟಾದರೆ ಮೈಕಿಗೆ ಕೇಳಿಸುತ್ತದೆಂದು ಹುಳಿ ಸೇಬು ಕಚ್ಚಿದಳು. ಹೆಸರು ಹೆಲ್ಗಾ. ನಾನು ಹೆಲ್ಗಮ್ಮ ಅಂದೆ. ಆಕೆಗೆ ಇಷ್ಟವಾಯಿತು.

ಧಣಿಗಳ ಅಪ್ಪಣೆ ಇತ್ತಲ್ಲ, ಮಾಲು ಪರೀಕ್ಷಿಸಬೇಕು. ಕಣ್ಣು ಮುಚ್ಚಿ ಕೂತು, ಒಮ್ಮೆ ಹೇಳಿ ಅಂದೆ. "ಬಿಟ್ಟೆ ವಾರ್ಟೆನ್ ಜೀ." ಆಕೆಯೇ! ಖುಷಿಯಲ್ಲಿ ನಾನೂ ಅದೇ ದನಿಯಲ್ಲಿ ತಿರುಗಿ ಹೇಳಿಬಿಟ್ಟೆ. ಹೆಲ್ಗಮ್ಮ ಸೇಬು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

"ಇದು ನನ್ನ ದನಿಯೇ, ಆದರೆ ನೆಗಡಿ ಬಂದಾಗಿನದು," ಅಂದಳು. ತಿರುಗಿ ಯುರ್ಗೆನ್‌ಗೆ ಹೇಳಿದಳು: "ನೋಡು, ಆ ಯಂತ್ರದ ಕಂಪನಿಯವರು ಇನ್ನೂ ಅದನ್ನೇ ಇಟ್ಟುಕೊಂಡಿದ್ದಾರೆ. ಬದಲಾಯಿಸಿ ಅಂತ ಎಷ್ಟು ಸಲ ಹೇಳಿದ್ದೆ! ನನ್ನ ನೆಗಡಿ ಭಾರತದವರೆಗೆ ಹೋಗಿದೆ."

ಆಕೆ ಕೆಲಸ ಮಾಡುವುದನ್ನು ನೋಡುವುದೇ ಒಂದು ಮಜಾ. ಒಂದೇ 'ದಯವಿಟ್ಟು'ವನ್ನು ಡಾಕ್ಟರ ಫೋನಿಗೆ ಒಂದು ರೀತಿ, ಬ್ಯಾಂಕಿನದಕ್ಕೆ ಇನ್ನೊಂದು ರೀತಿ, ಶವಪೆಟ್ಟಿಗೆ ಮಾರುವವನದಕ್ಕೆ ಮತ್ತೊಂದು ರೀತಿ ಹೇಳುತ್ತಾಳೆ. ಓದುವಾಗ ನಗುತ್ತಾಳೆ, ಮೈಕಿಗೆ ನಗು ಕಾಣುತ್ತದಂತೆ. ಹೊಟ್ಟೆ ಗುರ್ ಎಂದರೆ ಯುರ್ಗೆನ್ ಗಾಜಿನ ಆಚೆಯಿಂದ ಕೈ ಎತ್ತುತ್ತಾನೆ, ಮತ್ತೆ ಮೊದಲಿನಿಂದ. ಗುರ್ ಎಂದದ್ದು ಹೆಚ್ಚಾಗಿ ನನ್ನ ಹೊಟ್ಟೆಯೇ. ಅಲ್ಲಿನ ಬ್ರೆಡ್ಡಿಗೆ ಅದು ತನ್ನ ವಿರೋಧ ದಾಖಲಿಸುತ್ತಿತ್ತು. ನನ್ನನ್ನು ಕೋಣೆಯಿಂದ ಹೊರಗೆ ಹಾಕಿದರು.

"ನಿಮಗೂ ಎಲ್ಲಾದರೂ ನಿಮ್ಮ ದನಿ ಕೇಳಿಸುತ್ತಾ?" ಎಂದು ಕೇಳಿದೆ, ಹೆಲ್ಗಮ್ಮ ಹೊರಗೆ ಬಂದಾಗ.

"ಹೋದ ತಿಂಗಳು ಇನ್ಶೂರೆನ್ಸಿಗೆ ಫೋನ್ ಮಾಡಿದ್ದೆ. ಅರ್ಧ ಗಂಟೆ ನಾನೇ ನನ್ನನ್ನು ಕಾಯಿಸಿದೆ. ಸಿಟ್ಟು ಬಂದು ನನಗೆ ನಾನೇ ಬೈದೆ."

ಎರಡನೆಯ ದಿನ: ಪೂಜೆ ಎಷ್ಟರಿಂದ ಎಷ್ಟಕ್ಕೆ?

ನಮ್ಮ ಪಾಳಿ ಬಂತು. ಗೌಡರು ಹೇಳಿ ಬರೆಸಿದ್ದನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಕೊಟ್ಟಿದ್ದೆ. ಅದನ್ನು ಜರ್ಮನ್ ಮಾಡುವ ಮೊದಲು ಯುರ್ಗೆನ್ ಪೆನ್ಸಿಲ್ ಹಿಡಿದು ಕೂತ.

"ಒಂದು ಒತ್ತಿದರೆ 'ಮುಂದಿನ ಲಾರಿ ನಿಮ್ಮದೇ'. ಇದು ಯಾರಿಗೆ?"

"ಎಲ್ಲರಿಗೂ."

"ಎಲ್ಲರೂ ಮುಂದಿನವರೇ ಆದರೆ ಹಿಂದೆ ಯಾರು?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಬಳ್ಳಾರಿಯಲ್ಲಿ ಯಾರೂ ಕೇಳಿರಲಿಲ್ಲ.

"ಎರಡು ಒತ್ತಿದರೆ 'ಮಾಲೀಕರು ಪೂಜೆಯಲ್ಲಿದ್ದಾರೆ'. ಪೂಜೆ ಎಷ್ಟರಿಂದ ಎಷ್ಟರವರೆಗೆ?"

"ಫೋನ್ ಬಂದಾಗ ಶುರುವಾಗುತ್ತೆ."

"ತುಂಬ ದೈವಭಕ್ತರು," ಎಂದಳು ಹೆಲ್ಗಮ್ಮ, ನಿಜವಾದ ಭಕ್ತಿಯಿಂದ.

ಯುರ್ಗೆನ್ ಪೆನ್ಸಿಲ್ ಕೆಳಗಿಟ್ಟ. ಸುಳ್ಳೆಂದು ಗೊತ್ತಿರುವುದನ್ನು ತನ್ನ ಸ್ಟುಡಿಯೋದಲ್ಲಿ ಓದಿಸುವುದಿಲ್ಲ ಎಂದ. ಮನುಷ್ಯ ಆಡಿದ ಸುಳ್ಳು ಗಾಳಿಗೆ ಹೋಗುತ್ತದೆ, ನಾಳೆ ಬೇರೆ ಆಡಬಹುದು. ತುಂಬಿಸಿಟ್ಟ ಸುಳ್ಳು ದಿನಾ ಅದೇ ರಾಗದಲ್ಲಿ ಬರುತ್ತದೆ, ವಾರದೊಳಗೆ ಸಿಕ್ಕಿಬೀಳುತ್ತದೆ ಎಂಬುದು ಅವನ ವಾದ.

ನನಗೆ ರೋಷ ಬಂತು. "ಬೆಳಿಗ್ಗೆಯಿಂದ ಪ್ರತಿಯೊಂದು ಕಂಪನಿಗೂ 'ನಿಮ್ಮ ಕರೆ ನಮಗೆ ಬಹಳ ಮುಖ್ಯ' ಅಂತ ಓದಿಸಿದೆಯಲ್ಲ, ಅದು?"

ಯುರ್ಗೆನ್ ಗಡ್ಡ ಕೆರೆದುಕೊಂಡ. "ಅದು ಸುಳ್ಳಲ್ಲ. ಪದ್ಧತಿ."

"ಪೂಜೆಯೂ ನಮ್ಮ ಪದ್ಧತಿ!"

ಹೆಲ್ಗಮ್ಮ ಬಿದ್ದು ಬಿದ್ದು ನಕ್ಕಳು, ಯುರ್ಗೆನ್ ಒಪ್ಪಲಿಲ್ಲ. ಕೊನೆಗೆ ಅವನು ಒಂದೊಂದೇ ಪ್ರಶ್ನೆ ಕೇಳಿ, ನಾನು ಉತ್ತರಿಸಿ, ಹೊಸದು ತಯಾರಾಯಿತು: 'ನಿಮ್ಮ ಲಾರಿಯ ಪಾಳಿ ಯಾವಾಗ ಬರುವುದೆಂದು ಈ ಆಫೀಸಿಗೆ ಗೊತ್ತಿಲ್ಲ. ಮಾಲೀಕರು ಯಾವಾಗ ಸಿಗುತ್ತಾರೆಂಬುದೂ ಗೊತ್ತಿಲ್ಲ. ದಯವಿಟ್ಟು ಕಾಯಿರಿ.' ಹೆಲ್ಗಮ್ಮ ಕಾಲುಚೀಲದಲ್ಲಿ ನಿಂತು, ನಗುತ್ತ, ಜೇನು ಸುರಿದಂತೆ ಓದಿದಳು, ಯುರ್ಗೆನ್ ಅದನ್ನು ಸಿ.ಡಿ.ಗೆ ತುಂಬಿಸಿದ. ನಮ್ಮ ಕಂಪನಿಯ ಬಗ್ಗೆ ಅಷ್ಟು ಚಂದವಾಗಿ ನಿಜ ಹೇಳಿದವರು ಯಾರೂ ಇಲ್ಲ.

ಊಟಕ್ಕೆ ಕೂತಾಗ, ಊರಲ್ಲಿ ನೀನು ಮಾಡುವ ಕೆಲಸ ಯಾವುದು ಎಂದಳು ಹೆಲ್ಗಮ್ಮ. ರಾವ್ ಮ್ಯಾನೇಜರನ್ನು ಕೆಮ್ಮಿಸಿದೆ. ಬೆಂಗಳೂರು ಬ್ರಾಂಚಿನಿಂದ 'ಹೇಳಿ ಸಾರ್' ಅನ್ನಿಸಿದೆ. ಸರಿತಾ ಮೇಡಂ ಕುತ್ತಿಗೆ ವಾಲಿಸಿ "ಊಟ ಆತೇನ್ರಿ ಹೆಲ್ಗಮ್ಮಾರ?" ಎಂದು ವಿಚಾರಿಸಿದಳು. ಅರ್ಥ ಹೇಳಿದೆ. ಆಕೆ ಕಣ್ಣೊರೆಸಿಕೊಂಡು ನಕ್ಕು, "ಈ ಸಿ.ಡಿ. ಹೋಗಿ ನಿಮ್ಮ ಫೋನಿನಲ್ಲಿ ಕೂತ ಮೇಲೆ ಇವರೆಲ್ಲ ಏನು ಮಾಡುತ್ತಾರೆ?" ಎಂದಳು.

"ಅಪ್ಪನ ಅಂಗಡಿಯಲ್ಲಿ ಹತ್ತಿ ಹಿಂಜುತ್ತಾರೆ," ಅಂದೆ.

"ಮತ್ತೊಮ್ಮೆ, ಕೆಟ್ಟದಾಗಿ ಓದಿಕೊಡಲೇ?" ಎಂದಳು. ಮತ್ತೆ ತಾನೇ ತಲೆಯಾಡಿಸಿದಳು. "ಆಗುವುದಿಲ್ಲ. ನೆಗಡಿ ಇದ್ದಾಗ ಓದಿದ್ದೇ ಇಂದಿಗೂ ಚುಚ್ಚುತ್ತದೆ. ತಪ್ಪು ತಿಳಿಯಬೇಡ."

ನಾನು ತಪ್ಪು ತಿಳಿಯಲಿಲ್ಲ. ಬ್ರೆಡ್ಡನ್ನು ಮಾತ್ರ ಆಕೆಯ ತಟ್ಟೆಗೆ ಸರಿಸಿದೆ.

ಕಳೆಯಲಾರದ ವಸ್ತು

ವಾಪಸ್ಸು ಬರುವ ರೈಲಿನಲ್ಲಿ ನನ್ನೊಳಗಿನ ಬಳ್ಳಾರಿಯವನು ಎಚ್ಚೆತ್ತ. ಸಿ.ಡಿ. ಕಳೆದುಹೋದರೆ ನಾನೇನು ಮಾಡಲಿ? ಪರದೇಶ, ಅವಸರ, ಪಾಪದ ಹುಡುಗ. ಸೀಟಿನ ಮೇಲೆ ಮೆಲ್ಲಗೆ ಬಿಟ್ಟು ಇಳಿದೆ. ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಚಪ್ಪಲಿ ಬಿಟ್ಟು ಕಾಲು ಮೇಲೆತ್ತಿ ಕೂತರೆ, ಕಾಲು ಇಳಿಸುವಷ್ಟರಲ್ಲಿ ಚಪ್ಪಲಿ ಬೇರೆಯವರ ಸಂಸಾರ ಸೇರಿರುತ್ತದೆ. ಇಲ್ಲಿ ಪ್ಲಾಟ್‌ಫಾರಂ ದಾಟುವಷ್ಟರಲ್ಲಿ ಒಬ್ಬ ಎತ್ತರದ ಹುಡುಗ ಏದುಸಿರು ಬಿಡುತ್ತ ಓಡಿ ಬಂದು ಸಿ.ಡಿ.ಯನ್ನು ಕೈಗಿಟ್ಟ. ಅಷ್ಟರಲ್ಲಿ ರೈಲು ಹೊರಟುಹೋಯಿತು, ಅವನ ರೈಲು. ನನಗೋಸ್ಕರ ತಪ್ಪಿಸಿಕೊಂಡಿದ್ದ. ಪರವಾಗಿಲ್ಲ ಎಂದು ನಕ್ಕ. ನಾನು ಬಾಯಲ್ಲಿ ಕೃತಜ್ಞತೆ ಹೇಳಿ, ಮನಸ್ಸಿನಲ್ಲಿ ಕೆಂಪು ದೀಪದ ಆ ಮುದುಕಿಯ ಬೈಗುಳವನ್ನು ಪೂರ್ತಿ ಒಪ್ಪಿಸಿದೆ.

ವಿಮಾನ ನಿಲ್ದಾಣದ ಶೌಚಾಲಯದಲ್ಲಿ ಮತ್ತೊಮ್ಮೆ ಮರೆತೆ. ಚಹಾ ಕುಡಿಯುವಾಗ ಧ್ವನಿವರ್ಧಕ ನನ್ನ ಹೆಸರು ಕೂಗತೊಡಗಿತು. ಯುರ್ಗೆನ್ ಪುಣ್ಯಾತ್ಮ ಡಬ್ಬಿಯ ಮೇಲೆ ನನ್ನ ಹೆಸರು, ಕಂಪನಿ, ಊರು ಎಲ್ಲ ಅಚ್ಚುಕಟ್ಟಾಗಿ ಅಂಟಿಸಿದ್ದ. ರಾಜಾಸಾಬ್ ಎಂಬುದು ಆ ಕೂಗುವಾಕೆಯ ಬಾಯಲ್ಲಿ ಯಾವುದೋ ಔಷಧದಂತೆ ಕೇಳಿಸಿದರೂ ಅದು ನಾನೇ. ಹೋಗಿ ಸಹಿ ಮಾಡಿ ತೆಗೆದುಕೊಂಡೆ. ಈ ದೇಶದಲ್ಲಿ ಒಂದು ವಸ್ತುವನ್ನು ಕಳೆದುಕೊಳ್ಳುವುದಕ್ಕೂ ಯೋಗ್ಯತೆ ಬೇಕು.

ಮತ್ತೆ ಬಳ್ಳಾರಿ

ಫೋನಿಗೆ ಸಿ.ಡಿ.ಯ ದನಿ ಹತ್ತಿತು. ಗೌಡರು ತಾವೇ ತಮ್ಮ ಆಫೀಸಿಗೆ ಫೋನ್ ಮಾಡಿ, ತಾವು ಯಾವಾಗ ಸಿಗುತ್ತೇವೆಂದು ಯಾರಿಗೂ ಗೊತ್ತಿಲ್ಲ ಎಂಬುದನ್ನು ಜರ್ಮನ್‌ನಲ್ಲಿ ಕೇಳಿ, ಕಣ್ಣು ಮುಚ್ಚಿ ತಲೆದೂಗಿದರು. "ಏನ್ ದನಿಯಲೇ!" ಅಂದರು. ಹೆಲ್ಗಮ್ಮನ ವಯಸ್ಸು ನಾನು ಹೇಳಲಿಲ್ಲ. ಅವರು ಆ ದನಿಗೆ ಹಚ್ಚಿಕೊಂಡ ಮುಖ ಯಾಕೆ ಕೆಡಿಸಬೇಕು? ಬಳ್ಳಾರಿಯಲ್ಲಿ ಮೊದಲ ಸಲ ಒಂದು ಅದಿರಿನ ಆಫೀಸು ನಿಜ ಹೇಳುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಇದಕ್ಕಿಂತ ಭದ್ರವಾದ ವ್ಯವಸ್ಥೆ ಉಂಟೇ?

ನಾನು ಅಪ್ಪನ ಅಂಗಡಿಯಲ್ಲಿ ಸೀನತೊಡಗಿದೆ. ಕೆಲವು ದಿನ ಬಿಟ್ಟು, ಉಳಿದಿದ್ದ ನನ್ನ ಕುರ್ಚಿಯ ದಿಂಬು ತರಲು ಕಂಟೋನ್ಮೆಂಟಿಗೆ ಹೋದರೆ, ಬಂಗಲೆಯ ಮುಂದೆ ಜನವೋ ಜನ. ಸಿರುಗುಪ್ಪ, ತೆಕ್ಕಲಕೋಟೆಯ ಲಾರಿಯವರು ಗಾಡಿ ನಿಲ್ಲಿಸಿ, ಗೇಟಿನ ಮುಂದೆ ಪಟ್ಟಾಗಿ ಕೂತಿದ್ದರು. ಬಿಳಿ ಮೀಸೆಯವರೊಬ್ಬರು ನನ್ನನ್ನು ಕರೆದರು. ಬಾಯಿ ತೆರೆದ ಕೂಡಲೇ ಗುರುತು ಹತ್ತಿತು, ತಿಪ್ಪಣ್ಣ. ಅವರಿಗೆ ನನ್ನ ಗುರುತು ಹತ್ತುವ ಹಾಗಿರಲಿಲ್ಲ. ನನ್ನ ಗಂಟಲು ಆಗ ಕಪ್ಪೆಯದು.

"ತಮ್ಮಾ, ನೀ ಇಲ್ಲೇ ಇದ್ದೆಂತಲ್ಲ. ಸರಿತಾ ಮೇಡಂನ ಯಾಕ ತಗದ್ರಪಾ?"

"ಸುಳ್ಳು ಹೇಳ್ತಿದ್ಲಂತ್ರಿ ಅಣ್ಣಾರ."

"ಅದು ನಮಗ ಗೊತ್ತಿಲ್ಲೇನು? ಮುಂದಿನ ಗಾಡಿ ನಂದಲ್ಲಂತ ನನ್ನ ಗಾಡಿಗೂ ಗೊತ್ತೈತಿ. ಆದ್ರ ಊಟ ಆತೇನಂತ ಕೇಳ್ತಿದ್ಲು. ಮೊಮ್ಮಗಗ ಜ್ವರ ಬಂದಿದ್ದು ನೆನಪಿಟ್ಟು ಮರುದಿನ ಕೇಳಿದ್ಲು. ಈಗ ಇಟ್ಟಾರಲ್ಲ, ಆಕಿಗೆ ನಾ ದಿನಾ ಕೇಳ್ತೀನಿ, ಊಟ ಆತೇನವಾ ಅಂತ. ಮರ್ಯಾದಿಗಾದ್ರೂ ಒಂದ್ ಮಾತು? ಬರೇ ವಾದ್ಯ ಬಾರಸ್ತಾಳ."

ಹಿಂದಿನಿಂದ ಇನ್ನೊಬ್ಬ ಕೂಗಿದ: "ಸರಿತಾ ಮೇಡಂ ಬರೋತನ ಒಂದ್ ಗಾಡಿ ಅಲ್ಲಾಡಂಗಿಲ್ಲ!"

ಗೌಡರು ಹೊರಗೆ ಬಂದರು. ಹಿಂದೆ ಅದಿರಿನ ರಾಶಿ, ಮುಂದೆ ನಿಂತ ಗಾಡಿಗಳ ಸಾಲು. ಒಂದು ಕ್ಷಣದಲ್ಲಿ ಲೆಕ್ಕ ಹಾಕಿ ಕೈ ಎತ್ತಿದರು.

"ಯಾರ್ರಿ ತಗದೋರು? ಸರಿತಾ ರಜಾದ ಮ್ಯಾಲೆ ಅದಾಳ. ನಾಳಿ ಬರ್ತಾಳ." ನನ್ನ ಕಡೆ ತಿರುಗಿ ದನಿ ಇಳಿಸಿದರು. "ಬರ್ತಾಳಲ್ಲಲೇ?"

"ಕೇಳಿ ನೋಡ್ತೀನ್ರಿ ಧಣಿ. ಆಕಿಗೆ ಭಾಳ ಬ್ಯಾಸರಾಗೈತಿ. ಕೂಲರ್ ಮುಂದ ಕುರ್ಚಿ ಹಾಕಿದ್ರ ಬಂದಾಳು."

"ಹಾಕಸ್ತೀನಿ."

"ಮತ್ತ ನಂದೇನ್ರಿ?"

"ನಿನ್ನ ಯಾರು ಕೇಳ್ಯಾರಲೇ ಇಲ್ಲಿ?"

ನಿಜವೇ. ಅಷ್ಟು ಜನರಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ಹಾಗಾಗಿ ಸರಿತಾ ಮೇಡಂ ಮರುದಿನ ನೆಗಡಿ ದನಿಯಲ್ಲೇ ಕೆಲಸಕ್ಕೆ ಹಾಜರಾದಳು, ಆಕೆಯನ್ನು ಕರೆತರುವ ನೆಪದಲ್ಲಿ ನಾನು. ಹೆಲ್ಗಮ್ಮನಿಗೆ ರಾತ್ರಿ ಪಾಳಿ ಸಿಕ್ಕಿದೆ. ಆಫೀಸು ಮುಚ್ಚಿದ ಮೇಲೆ ಫೋನ್ ಮಾಡಿದವರಿಗೆ ನಿಜ ಹೇಳುತ್ತಾಳೆ. ಬೆಂಗಳೂರು ಬ್ರಾಂಚು ಖಾಯಮ್ಮಾಗಿ ಬಾಗಿಲು ಹಾಕಿತು. ರಾವ್ ಮ್ಯಾನೇಜರ ಬಗ್ಗೆಯೂ ಒಬ್ಬನೇ ಒಬ್ಬ ಲಾರಿ ಮಾಲೀಕ ಕೇಳಲಿಲ್ಲ; ಪಾಪ, ಈಗ ಮನೆಯಲ್ಲೇ ಇದ್ದಾರೆ. ನಿಮ್ಮ ಕಂಪನಿಗೇನಾದರೂ ಬೇಕಿದ್ದರೆ ತಿಳಿಸಿ. ಕೆಮ್ಮೊಂದು ಬಿಟ್ಟರೆ ಮನುಷ್ಯ ಒಳ್ಳೆಯವರು.